ಸಿಸ್ಟಮ್ಸ್ ಥಿಂಕಿಂಗ್ ನಮಗೆ ಸಹಜವಾಗಿ ಬರುತ್ತದೆಯೇ?

ಪ್ರಶ್ನೆ: ನಾನು ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಸಿಸ್ಟಮ್ಸ್ ಥಿಂಕಿಂಗ್ (ಬಿಡಿ ಘಟನೆಗಳ ಬದಲು ಇಡೀ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಯೋಚಿಸುವ ಕ್ರಮ) ತರಬೇತಿ ಕೊಡುತ್ತೇನೆ. ಸ್ಟಾಕ್ (ಕೂಡಿಕೊಂಡಿರುವ ಮೊತ್ತ), ಹರಿವು (ಅದಕ್ಕೆ ಬಂದು ಸೇರುವುದು, ಅದರಿಂದ ಹೊರಗೆ ಹೋಗುವುದು), ಫೀಡ್‌ಬ್ಯಾಕ್ (ಮಾಡಿದ್ದರ ಫಲ ತಿರುಗಿ ಬಂದು ಮುಂದೆ ಮಾಡುವುದನ್ನು ಬದಲಿಸುವುದು), ತಡ ಇವನ್ನೆಲ್ಲ ವಿವರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. "ಇದು ಗೊತ್ತಿರೋದೇ ಅಲ್ವಾ" ಅನ್ನುತ್ತಾರೆ. ಆದರೆ ಕೆಲಸಕ್ಕೆ ಮರಳಿ ನಿರ್ಧಾರ ತೆಗೆದುಕೊಳ್ಳುವಾಗ ಕಲಿತದ್ದರ ಸುಳಿವೇ ಇರುವುದಿಲ್ಲ. ಇವು ನಿಜಕ್ಕೂ ಸಹಜವಾಗಿ ಅರ್ಥವಾಗುವ ವಿಷಯಗಳೇ? ಮೊದಲ ಪಾಠಗಳನ್ನು ಬಿಟ್ಟು ನೇರವಾಗಿ ಮುಂದಕ್ಕೆ ಹೋಗಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ನೀವು ಬಿಡೋಣ ಅಂದುಕೊಂಡಿರುವ ಜಾಗದಲ್ಲೇ ಜನ ಅತಿ ಹೆಚ್ಚು ಎಡವುತ್ತಾರೆ. ಚೆನ್ನಾಗಿ ಓದಿದವರು, ಗಣಿತ ಬಲ್ಲವರು, ದೊಡ್ಡ ಹುದ್ದೆಯಲ್ಲಿರುವವರು ಯಾರೂ ಇದಕ್ಕೆ ಹೊರತಲ್ಲ. ಇದು ನನ್ನ ಊಹೆಯಲ್ಲ. ಈ ಬಗ್ಗೆ ದಶಕಗಳಿಂದ ಪ್ರಯೋಗಗಳು ನಡೆದಿವೆ.

ಹಾಗಂತ ಜನರಿಗೆ ವ್ಯವಸ್ಥೆಗಳು ಅರ್ಥವೇ ಆಗುವುದಿಲ್ಲ ಅಂತ ಒಂದೇ ಮಾತಿನಲ್ಲಿ ಮುಗಿಸುವಂತೆಯೂ ಇಲ್ಲ. ಎಲ್ಲವೂ ಒಂದೇ ಮಟ್ಟಿಗೆ ಕಷ್ಟವಲ್ಲ. ಮಾಡಿದ್ದರ ಫಲ ಕೂಡಲೇ ಕಣ್ಣಿಗೆ ಬೀಳುವ ಕಡೆ ನಾವು ತುಂಬಾ ಚುರುಕು. ಫಲ ನಿಧಾನವಾಗಿ ಕೂಡುತ್ತಾ ಹೋದರೆ, ಇಲ್ಲವೇ ತಡವಾಗಿ ಬಂದರೆ, ಅದೇ ಬುದ್ಧಿ ಕೈಕೊಡುತ್ತದೆ. ನನ್ನ ಪೂರ್ತಿ ಉತ್ತರ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಮೊದಲು ಒಂದು ಲೆಕ್ಕ ನೋಡೋಣ. ಮುಂದಕ್ಕೆ ಓದುವ ಮೊದಲು ನೀವೇ ಉತ್ತರ ಬರೆದಿಟ್ಟುಕೊಳ್ಳಿ.

ಒಂದು ಸಭಾಂಗಣದಲ್ಲಿ ಆಗಲೇ 20 ಜನ ಇದ್ದಾರೆ. ಬಾಗಿಲ ಬಳಿ ನಿಂತವರೊಬ್ಬರು ಆರು ನಿಮಿಷ ಎಣಿಸುತ್ತಾರೆ. ಮೊದಲನೇ ನಿಮಿಷದಲ್ಲಿ 10 ಜನ ಒಳಗೆ ಬಂದರು, 4 ಜನ ಹೊರಗೆ ಹೋದರು. ಎರಡನೇ ನಿಮಿಷ 14 ಒಳಗೆ, 6 ಹೊರಗೆ. ಮೂರನೇದು 18 ಒಳಗೆ, 8 ಹೊರಗೆ. ನಾಲ್ಕನೇದು 12 ಒಳಗೆ, 10 ಹೊರಗೆ. ಐದನೇದು 8 ಒಳಗೆ, 12 ಹೊರಗೆ. ಆರನೇದು 4 ಒಳಗೆ, 6 ಹೊರಗೆ.

ಅತಿ ಹೆಚ್ಚು ಜನ ಒಳಗೆ ಬಂದದ್ದು ಯಾವಾಗ? ಹೊರಗೆ ಹೋದದ್ದು ಯಾವಾಗ? ಇವೆರಡಕ್ಕೂ ಕಣ್ಣಾಡಿಸಿದರೆ ಸಾಕು: ಮೂರನೇ ನಿಮಿಷ, ಐದನೇ ನಿಮಿಷ. ಈಗ ಇನ್ನೆರಡು ಪ್ರಶ್ನೆ. ಸಭಾಂಗಣ ಅತಿ ಹೆಚ್ಚು ತುಂಬಿದ್ದು ಯಾವಾಗ? ಅತಿ ಕಡಿಮೆ ಜನ ಇದ್ದದ್ದು ಯಾವಾಗ?

ಬಹಳ ಜನ ಇಲ್ಲೂ ಮೂರು ಮತ್ತು ಐದು ಅಂತಲೇ ಬರೆಯುತ್ತಾರೆ. ಈಗ ಕೂಡಿ ಕಳೆದು ನೋಡಿ. ಪ್ರತಿ ನಿಮಿಷದ ಕೊನೆಗೆ ಒಳಗಿದ್ದವರು ಕ್ರಮವಾಗಿ 26, 34, 44, 46, 42, 40. ಅಂದರೆ ಸಭಾಂಗಣ ಅತಿ ಹೆಚ್ಚು ತುಂಬಿದ್ದು ನಾಲ್ಕನೇ ನಿಮಿಷದ ಕೊನೆಗೆ. ಬರುವವರ ಸಂಖ್ಯೆ ಆಗಲೇ 18ರಿಂದ 12ಕ್ಕೆ ಇಳಿದಿತ್ತು, ಆದರೂ ಒಳಗಿನ ಜನ ಏರುತ್ತಲೇ ಇದ್ದರು. ಬರುವವರು ಹೋಗುವವರಿಗಿಂತ ಜಾಸ್ತಿ ಇರುವ ತನಕ ಏರಲೇಬೇಕಲ್ವಾ? ಇನ್ನು ಐದನೇ ನಿಮಿಷ. ಅತಿ ಹೆಚ್ಚು ಜನ ಹೊರಟದ್ದು ಆಗಲೇ, ನಿಜ. ಆದರೆ ಆ ನಿಮಿಷ ಮುಗಿದಾಗಲೂ ಒಳಗೆ 42 ಜನ. ಹೆಚ್ಚುಕಡಿಮೆ ತುಂಬಿದ ಸಭಾಂಗಣವೇ ಅದು. ಅತಿ ಕಡಿಮೆ ಜನ ಇದ್ದದ್ದು ಎಣಿಕೆ ಶುರುವಾಗುವ ಮುಂಚೆ, 20 ಜನ ಇದ್ದಾಗ.

ಇಲ್ಲಿ ಇರುವುದು ಬರೀ ಕೂಡುವ ಕಳೆಯುವ ಲೆಕ್ಕ. ಆದರೂ ಜನ ತಪ್ಪುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜಾನ್ ಸ್ಟರ್ಮನ್ ಮತ್ತು ಜೊತೆಗಾರರು ಇದೇ ಬಗೆಯ ಪ್ರಶ್ನೆಯನ್ನು ಅಂಗಡಿಗೆ ಬಂದು ಹೋಗುವ ಗಿರಾಕಿಗಳ ಗ್ರಾಫ್ ಕೊಟ್ಟು ಕೇಳಿದರು. ಉತ್ತರಿಸಿದವರಲ್ಲಿ ಎಂಐಟಿಯ ಸ್ನಾತಕೋತ್ತರ ವಿದ್ಯಾರ್ಥಿಗಳೂ ಇದ್ದರು. ಮೊದಲ ಎರಡು ಪ್ರಶ್ನೆಗಳಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಸರಿ ಉತ್ತರ ಕೊಟ್ಟರು. ಅಂದರೆ ಗ್ರಾಫ್ ಓದಲು ಬರುತ್ತಿತ್ತು. ಆದರೆ ಅಂಗಡಿ ಯಾವಾಗ ಅತಿ ಹೆಚ್ಚು ತುಂಬಿತ್ತು ಎಂದಾಗ ಅರ್ಧದಷ್ಟು ಜನರೂ ಸರಿ ಹೇಳಲಿಲ್ಲ. ಯಾವಾಗ ಅತಿ ಖಾಲಿ ಇತ್ತು ಎಂಬುದನ್ನು ಸರಿಯಾಗಿ ಹೇಳಿದವರು ಸುಮಾರು ಮೂರನೇ ಒಂದು ಪಾಲು. ಇದಕ್ಕೂ ಮೊದಲು, 2000ದಲ್ಲಿ, ಲಿಂಡಾ ಬೂತ್ ಸ್ವೀನಿ ಮತ್ತು ಸ್ಟರ್ಮನ್ ಇನ್ನೊಂದು ಪರೀಕ್ಷೆ ಪ್ರಕಟಿಸಿದ್ದರು. ಅದರಲ್ಲಿ ಸ್ನಾನದ ತೊಟ್ಟಿಗೆ ನೀರು ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ ಎಂದು ಕೊಟ್ಟು, ಒಳಗಿನ ಮಟ್ಟ ಹೇಗೆ ಬದಲಾಗುತ್ತದೆ ಎಂದು ಗೆರೆ ಎಳೆಯಲು ಹೇಳಿದ್ದರು. ಕ್ಯಾಲ್ಕುಲಸ್ ಓದಿದವರೂ ಅಲ್ಲಿ ತಡವರಿಸಿದರು.

ತಪ್ಪುವುದು ಎಲ್ಲಿ? ಹರಿವಿನ ಗೆರೆ ಹೇಗಿದೆಯೋ ಸ್ಟಾಕಿನ ಗೆರೆಯೂ ಹಾಗೇ ಇರುತ್ತದೆ ಅಂತ ಮನಸ್ಸು ಅಂದುಕೊಳ್ಳುತ್ತದೆ. ಒಳಹರಿವು ಏರಿದಾಗ ಮಟ್ಟ ಏರುತ್ತದೆ, ಇಳಿದಾಗ ಮಟ್ಟವೂ ಇಳಿಯುತ್ತದೆ, ಹೀಗೆ. ಕಾರಣ ಮತ್ತು ಫಲ ಒಂದನ್ನೊಂದು ಹೋಲಬೇಕು ಅನ್ನುವ ನಂಬಿಕೆ ಇದು. ದಿನನಿತ್ಯದ ಎಷ್ಟೋ ಕಡೆ ಅದು ಕೆಲಸ ಮಾಡುತ್ತದೆ, ಅದಕ್ಕೇ ಅಷ್ಟು ಗಟ್ಟಿಯಾಗಿ ಕೂತಿದೆ. ನಲ್ಲಿಯ ತಿರುಪನ್ನು ಹೆಚ್ಚು ತಿರುಗಿಸಿದರೆ ನೀರು ಜೋರಾಗಿ ಬರುತ್ತದೆ. ಆದರೆ ತೊಟ್ಟಿಯ ಮಟ್ಟ ನಲ್ಲಿಯ ಮಾತು ಕೇಳುವುದಿಲ್ಲ. ಅದು ಕೇಳುವುದು ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಇರುವ ವ್ಯತ್ಯಾಸದ ಮಾತನ್ನು, ಅದೂ ಶುರುವಿನಿಂದ ಈ ತನಕ ಕೂಡಿಬಂದ ವ್ಯತ್ಯಾಸದ ಮಾತನ್ನು.

2009ರಲ್ಲಿ ಮ್ಯಾಥ್ಯೂ ಕ್ರೋನಿನ್, ಕ್ಲಿಯೋಟಿಲ್ಡೆ ಗೊನ್ಜಾಲೆಜ್ ಮತ್ತು ಸ್ಟರ್ಮನ್ ಇದನ್ನು ಇನ್ನಷ್ಟು ಕೆದಕಿದರು. ಗ್ರಾಫ್ ಗೊಂದಲ ಮಾಡುತ್ತಿರಬಹುದೇ ಅಂತ ಬೇರೆ ರೂಪದಲ್ಲಿ ಕೊಟ್ಟು ನೋಡಿದರು. ಅಂಕಿಗಳು ಜಾಸ್ತಿಯಾದವೇ ಅಂತ ಕಡಿಮೆ ಮಾಡಿದರು. ಸಂದರ್ಭ ಬದಲಿಸಿದರು. ಉತ್ಸಾಹ ಸಾಲದೇ ಅಂತ ಅದನ್ನೂ ಹೆಚ್ಚಿಸಿದರು. ಯಾವುದರಿಂದಲೂ ಹೇಳಿಕೊಳ್ಳುವಂಥ ಬದಲಾವಣೆ ಬರಲಿಲ್ಲ. ತರಬೇತಿ ಕೊಡುವ ನಿಮಗೆ ಇದು ಮುಖ್ಯ. ಸ್ಲೈಡ್ ಚೆನ್ನಾಗಿ ಮಾಡಿದರೆ ಸರಿಹೋಗುವ ಸಮಸ್ಯೆ ಇದಲ್ಲ.

ಕಚೇರಿಯಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ದಿನಕ್ಕೆ 60 ಹೊಸ ದೂರು ಬರುತ್ತಿದ್ದವು, ಈಗ 50ಕ್ಕೆ ಇಳಿದಿವೆ ಅಂತಿಟ್ಟುಕೊಳ್ಳಿ. ಎಲ್ಲರಿಗೂ ಖುಷಿ. ಆದರೆ ದಿನಕ್ಕೆ ಬಗೆಹರಿಯುವುದು 45 ಮಾತ್ರ. ಬಾಕಿ ದೂರುಗಳ ರಾಶಿ ದಿನಕ್ಕೆ ಐದರಂತೆ ಬೆಳೆಯುತ್ತಲೇ ಇರುತ್ತದೆ. "ದೂರು ಕಡಿಮೆಯಾಗಿದೆ, ಆದರೂ ಬಾಕಿ ಯಾಕೆ ಏರ್ತಿದೆ?" ಅಂತ ಸಭೆಯಲ್ಲಿ ಯಾರಾದರೂ ಕೇಳುತ್ತಾರೆ, ಆಮೇಲೆ ಸಿಬ್ಬಂದಿಯ ಮೇಲೆ ಗೂಬೆ ಕೂರಿಸುತ್ತಾರೆ. ವಾರ್ಷಿಕ ಕೊರತೆ ಇಳಿದ ಕೂಡಲೇ ಒಟ್ಟು ಸಾಲವೂ ಇಳಿಯಿತು ಅಂದುಕೊಳ್ಳುವುದೂ ಇದೇ ಜಾತಿಯ ತಪ್ಪು. ಕೊರತೆ ಎಷ್ಟೇ ಚಿಕ್ಕದಾದರೂ ಅದು ಕೊರತೆಯಾಗಿ ಉಳಿದಿರುವಷ್ಟು ದಿನ ಸಾಲ ಏರುತ್ತದೆ.

ಇದರಿಂದ ಅತಿ ದೊಡ್ಡ ನಷ್ಟ ಆಗುತ್ತಿರುವುದು ಹವಾಮಾನದ ವಿಷಯದಲ್ಲಿ ಅಂತ ನನ್ನ ಅಭಿಪ್ರಾಯ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ. ನಾವು ಹೊರಗೆ ಬಿಡುವುದರಲ್ಲಿ ಸ್ಥೂಲವಾಗಿ ಅರ್ಧದಷ್ಟನ್ನು ಸಮುದ್ರ, ಮಣ್ಣು, ಗಿಡಮರಗಳು ಹೀರಿಕೊಳ್ಳುತ್ತವೆ. ಉಳಿದದ್ದು ಗಾಳಿಯಲ್ಲಿ ಕೂಡುತ್ತಾ ಹೋಗುತ್ತದೆ. ಸ್ಟರ್ಮನ್ ಮತ್ತು ಬೂತ್ ಸ್ವೀನಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಐಟಿ ವಿದ್ಯಾರ್ಥಿಗಳನ್ನು ಕೇಳಿದರು: ಗಾಳಿಯಲ್ಲಿರುವ ಪ್ರಮಾಣ ಒಂದು ಮಟ್ಟದಲ್ಲಿ ನಿಲ್ಲಬೇಕಾದರೆ ನಾವು ಬಿಡುವ ಹೊಗೆ ಹೇಗೆ ಬದಲಾಗಬೇಕು? ಹೆಚ್ಚಿನವರು, ಬಿಡುವುದು ಈಗಿನ ಮಟ್ಟದ ಹತ್ತಿರ ನಿಂತರೆ ಗಾಳಿಯಲ್ಲಿರುವುದೂ ನಿಲ್ಲುತ್ತದೆ ಎಂಬ ಅರ್ಥ ಬರುವಂತೆ ಗೆರೆ ಎಳೆದರು. ಹಾಗಾಗುವುದಿಲ್ಲ. ಬಿಡುವುದು ಹೀರಿಕೊಳ್ಳುವುದಕ್ಕೆ ಸಮನಾಗುವಷ್ಟು ಇಳಿಯುವ ತನಕ ಗಾಳಿಯಲ್ಲಿರುವುದು ಏರುತ್ತಲೇ ಇರುತ್ತದೆ. "ಸ್ವಲ್ಪ ಕಾದು ನೋಡೋಣ, ಬೇಕಾದಾಗ ನಿಲ್ಲಿಸೋಣ" ಅನ್ನುವ ಧೋರಣೆಗೆ ಬುಡ ಇಲ್ಲೇ ಇದೆ. ವಿಜ್ಞಾನವನ್ನು ಒಪ್ಪುವವರಲ್ಲೂ ಈ ತಪ್ಪು ತಿಳಿವಳಿಕೆ ಇದೆ ಅನ್ನುವುದು ನನ್ನನ್ನು ತುಂಬಾ ಕಾಡುತ್ತದೆ.

ಸ್ಟಾಕ್ ವಿಷಯ ಇಷ್ಟು. ಇನ್ನು ಫೀಡ್‌ಬ್ಯಾಕ್. ಇದರ ಕಥೆ ಬೇರೆ. ಸೈಕಲ್ ಓಡಿಸುವವರು ಪ್ರತಿ ಕ್ಷಣವೂ ಫೀಡ್‌ಬ್ಯಾಕ್ ಬಳಸುತ್ತಾರೆ. ವಾಲಿದ ಕಡೆಗೆ ಹ್ಯಾಂಡಲ್ ತಿರುಗಿಸಿ ಸಮತೋಲಕ್ಕೆ ಬರುತ್ತಾರೆ. ಆದರೆ ಹೇಗೆ ಮಾಡಿದಿರಿ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಡಯಾನ್ ಬೆರಿ ಮತ್ತು ಡೊನಾಲ್ಡ್ ಬ್ರಾಡ್‌ಬೆಂಟ್ 1984ರಲ್ಲಿ ಇದನ್ನು ಬಹಳ ಚೆನ್ನಾಗಿ ತೋರಿಸಿದರು. ಕಂಪ್ಯೂಟರಿನಲ್ಲಿ ಒಂದು ಸಕ್ಕರೆ ಕಾರ್ಖಾನೆ. ಎಷ್ಟು ಕೆಲಸಗಾರರನ್ನು ಇಡಬೇಕು ಎಂದು ತೀರ್ಮಾನಿಸುತ್ತಾ ಉತ್ಪಾದನೆಯನ್ನು ಗುರಿಯ ಹತ್ತಿರ ಹಿಡಿದಿಡಬೇಕು. ಅಭ್ಯಾಸ ಮಾಡಿದಂತೆ ಜನರ ಕೈ ಪಳಗಿತು, ಆದರೆ ಕಾರ್ಖಾನೆ ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಶಕ್ತಿ ಮಾತ್ರ ಹೆಚ್ಚಲಿಲ್ಲ. ಇನ್ನು ಕೆಲವರಿಗೆ ಬಾಯಿಮಾತಿನಲ್ಲಿ ವಿವರಿಸಿ ಹೇಳಿದರು. ಅವರು ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದರು, ನಡೆಸುವುದರಲ್ಲಿ ಮಾತ್ರ ಮುಂದೆ ಹೋಗಲಿಲ್ಲ.

ನಿಮ್ಮ ತರಬೇತಿಯಲ್ಲಿ ಆಗುತ್ತಿರುವುದು ಬಹುಶಃ ಇದೇ. ನೀವು ಬಾಯಿಗೆ ಕಲಿಸುತ್ತಿದ್ದೀರಿ, ಆದರೆ ಅವರು ನಿರ್ಧಾರ ತೆಗೆದುಕೊಳ್ಳುವುದು ಕೈಯ ಅಭ್ಯಾಸದಿಂದ.

ಕೈಗೆ ಗೊತ್ತಿರುವ ಫೀಡ್‌ಬ್ಯಾಕ್ ಒಂದು ಯಂತ್ರದ ಒಳಗೆ ಹೋಗಿ ಕೂತರೆ ಮತ್ತೆ ಗೊಂದಲ. ಕೋಣೆ ಬೇಗ ತಣ್ಣಗಾಗಲಿ ಎಂದು ಎ.ಸಿ.ಯನ್ನು 16ಕ್ಕೆ ಇಡುವವರನ್ನು ನೋಡಿರುತ್ತೀರಿ. ಇನ್ವರ್ಟರ್ ಇಲ್ಲದ ಮಾಮೂಲಿ ಎ.ಸಿ.ಯಲ್ಲಿ ಕಂಪ್ರೆಸರ್ ಓಡುತ್ತದೆ, ಇಲ್ಲವೇ ನಿಲ್ಲುತ್ತದೆ. 24ಕ್ಕೆ ಇಟ್ಟರೂ 16ಕ್ಕೆ ಇಟ್ಟರೂ 24 ಮುಟ್ಟಲು ಒಂದೇ ಸಮಯ ಹಿಡಿಯುತ್ತದೆ. ವಿಲೆಟ್ ಕೆಂಪ್ಟನ್ 1986ರಲ್ಲಿ ಅಮೆರಿಕದ ಮನೆಗಳ ಹೀಟರ್ ಬಗ್ಗೆ ಇದನ್ನೇ ಬರೆದರು. ಕೆಲವರು ಥರ್ಮೋಸ್ಟಾಟನ್ನು ಗುರಿ ಮುಟ್ಟಿದಾಗ ತಾನೇ ನಿಲ್ಲಿಸುವ ಸ್ವಿಚ್ಚಾಗಿ ನೋಡುತ್ತಾರೆ. ಇನ್ನು ಕೆಲವರು ಅದನ್ನು ಕವಾಟದ ಹಾಗೆ ನೋಡುತ್ತಾರೆ, ಹೆಚ್ಚು ತಿರುಗಿಸಿದರೆ ಹೆಚ್ಚು ಬಿಸಿ. ಹರಿವಿನ ವಿಷಯದಲ್ಲಿ ಕಂಡ ಅದೇ ನಂಬಿಕೆ ಇಲ್ಲೂ ಇದೆ ನೋಡಿ: ದೊಡ್ಡ ಫಲ ಬೇಕಾದರೆ ದೊಡ್ಡದಾಗಿ ತಿರುಗಿಸು.

ತಡದ ವಿಷಯ ಹೇಳದೆ ಇದು ಮುಗಿಯುವುದಿಲ್ಲ. ಜೇ ಫಾರೆಸ್ಟರ್ 1956ರಲ್ಲಿ ಎಂಐಟಿಯ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದ ಮೇಲೆ ಸಿಸ್ಟಮ್ ಡೈನಮಿಕ್ಸ್ (ವ್ಯವಸ್ಥೆಗಳು ಕಾಲ ಕಳೆದಂತೆ ಹೇಗೆ ಬದಲಾಗುತ್ತವೆ ಎಂಬುದರ ಅಧ್ಯಯನ) ಬೆಳೆಯಿತು. ಬಿಯರ್ ಗೇಮ್ ಎಂಬ ಆಟ ಅಲ್ಲೇ ಹುಟ್ಟಿತು. ನಾಲ್ವರು ಸಾಲಾಗಿ ಕೂರುತ್ತಾರೆ: ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಪ್ರತಿ ವಾರ ಕೆಳಗಿನವರು ಕೇಳಿದಷ್ಟು ಕಳಿಸಬೇಕು, ಮೇಲಿನವರಿಗೆ ಆರ್ಡರ್ ಕೊಡಬೇಕು. ಆರ್ಡರ್ ತಲುಪಲು ಸಮಯ ಹಿಡಿಯುತ್ತದೆ, ಸರಕು ಬರಲು ಇನ್ನಷ್ಟು ಸಮಯ. ಸರಕು ಉಳಿದರೆ ದಂಡ, ಸಾಲದೇ ಹೋದರೆ ಅದರ ಎರಡರಷ್ಟು ದಂಡ. ಗ್ರಾಹಕರು ಎಷ್ಟು ಕೊಳ್ಳುತ್ತಾರೆ ಎಂಬುದು ಚಿಲ್ಲರೆ ವ್ಯಾಪಾರಿಗೆ ಮಾತ್ರ ಗೊತ್ತು.

ಶುರುವಿನಲ್ಲಿ ಗ್ರಾಹಕರ ಬೇಡಿಕೆ ವಾರಕ್ಕೆ 4 ಪೆಟ್ಟಿಗೆ. ಐದನೇ ವಾರ ಅದು 8ಕ್ಕೆ ಏರುತ್ತದೆ. ಆಮೇಲೆ ಆಟ ಮುಗಿಯುವ ತನಕ 8ರಲ್ಲೇ ಇರುತ್ತದೆ. ಇದೊಂದೇ ಬದಲಾವಣೆ. ಆದರೆ ಆಟ ನಡೆಯುವುದನ್ನು ನೋಡಿದರೆ ಭೂಕಂಪವೇ ಆದಂತಿರುತ್ತದೆ. ಚಿಲ್ಲರೆ ವ್ಯಾಪಾರಿಯ ಸರಕು ಇಳಿಯುತ್ತದೆ, ಅವರು ಸ್ವಲ್ಪ ಜಾಸ್ತಿ ಆರ್ಡರ್ ಹಾಕುತ್ತಾರೆ. ಮುಂದಿನ ವಾರ ಸರಕು ಬರಲಿಲ್ಲ ಅಂತ ಮತ್ತೂ ಜಾಸ್ತಿ ಹಾಕುತ್ತಾರೆ. ಹಿಂದಿನ ವಾರಗಳಲ್ಲಿ ಕೇಳಿದ್ದು ದಾರಿಯಲ್ಲಿದೆ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇಲಿನವರಿಗೆ ಇದು ಬೇಡಿಕೆ ಉಕ್ಕಿದ ಹಾಗೆ ಕಾಣುತ್ತದೆ, ಅವರು ಇನ್ನೂ ದೊಡ್ಡ ಆರ್ಡರ್ ಹಾಕುತ್ತಾರೆ. ಕಾರ್ಖಾನೆ ಮುಟ್ಟುವ ಹೊತ್ತಿಗೆ ಅದು ದೊಡ್ಡ ಅಲೆ. ಕೆಲವು ವಾರ ಕಳೆದ ಮೇಲೆ ಎಲ್ಲ ಸರಕೂ ಒಟ್ಟಿಗೆ ಬಂದು ಬೀಳುತ್ತದೆ. ಆಗ ಆರ್ಡರ್ ಸೊನ್ನೆ.

ಸ್ಟರ್ಮನ್ 1989ರಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿದರು. ತಂಡಗಳಿಗೆ ತಗುಲಿದ ವೆಚ್ಚ, ಚೆನ್ನಾಗಿ ಆಡಿದ್ದರೆ ತಗುಲಬಹುದಾಗಿದ್ದ ವೆಚ್ಚದ ಸರಾಸರಿ ಹತ್ತು ಪಟ್ಟು. ಮೂಲ ತಪ್ಪು ನಾನು ಮೇಲೆ ಹೇಳಿದ್ದೇ: ದಾರಿಯಲ್ಲಿರುವ ಸರಕನ್ನು ಮರೆಯುವುದು. ಆಟ ಮುಗಿದ ಮೇಲೆ ಗ್ರಾಹಕರ ಬೇಡಿಕೆ ಹೇಗಿತ್ತು ಅಂತ ಗೆರೆ ಎಳೆಯಿರಿ ಎಂದರೆ, ಆಟಗಾರರು ಏರಿಳಿಯುವ ಅಲೆಯನ್ನು ಬರೆಯುತ್ತಾರೆ. ಅಲೆ ಹೊರಗಿನಿಂದ ಬಂತು ಅನ್ನುವುದು ಅವರ ನಂಬಿಕೆ. ನಿಜವಾದ ಗೆರೆ ತೋರಿಸಿದಾಗ ಆಗುವ ಆಶ್ಚರ್ಯವೇ ಈ ಆಟದ ಪಾಠ. ತಡ ಅಂದರೆ ಏನು ಅಂತ ಇವರೆಲ್ಲರಿಗೂ ಗೊತ್ತಿತ್ತು. ಸರಕು ತಡವಾಗಿ ಬರುತ್ತದೆ ಅಂತ ಮೊದಲೇ ಹೇಳಿಯೂ ಇದ್ದರು. ಗೊತ್ತಿದ್ದದ್ದು ಆರ್ಡರ್ ಬರೆಯುವ ಹೊತ್ತಿಗೆ ನೆರವಿಗೆ ಬರಲಿಲ್ಲ, ಅಷ್ಟೇ.

ಇನ್ನೆರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಗುಣಿಸುತ್ತಾ ಬೆಳೆಯುವುದನ್ನು ನಾವು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತೇವೆ ಎಂದು ವಾಗೆನಾರ್ ಮತ್ತು ಸಗಾರಿಯಾ 1975ರಲ್ಲೇ ತೋರಿಸಿದರು. ಒಂದನ್ನು ಹತ್ತು ಸಲ ದುಪ್ಪಟ್ಟು ಮಾಡಿದರೆ 1,024. ಇಪ್ಪತ್ತು ಸಲ ಮಾಡಿದರೆ 2,048 ಆಗಬಹುದು ಅಂತ ಮನಸ್ಸು ಹೇಳುತ್ತದೆ, ಲೆಕ್ಕ ಹತ್ತು ಲಕ್ಷ ದಾಟುತ್ತದೆ. ಇನ್ನೊಂದು, ಯಾರೂ ನಡೆಸದೆ ತಾನಾಗಿ ಮೂಡುವ ನಡವಳಿಕೆ. ಎಲ್ಲದರ ಹಿಂದೆಯೂ ಒಬ್ಬ ನಾಯಕನನ್ನೋ ತಪ್ಪಿತಸ್ಥನನ್ನೋ ಹುಡುಕುವುದು ನಮ್ಮ ಸ್ವಭಾವ. ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 230 ಮೀಟರ್ ಸುತ್ತಳತೆಯ ರಸ್ತೆಯಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದರು. ಅಡ್ಡ ಬಂದವರಿಲ್ಲ, ಅಪಘಾತವಿಲ್ಲ, ರಸ್ತೆ ಕಿರಿದಾಗಲಿಲ್ಲ. ಆದರೂ ಟ್ರಾಫಿಕ್ ಜಾಮ್ ಆಯಿತು. ಕಾರುಗಳು ಮುಂದಕ್ಕೆ, ಜಾಮ್ ಹಿಂದಕ್ಕೆ ಸರಿಯಿತು. ವಿಡಿಯೊ ಸಿಕ್ಕರೆ ತರಗತಿಯಲ್ಲಿ ತೋರಿಸಿ. "ಯಾರ ತಪ್ಪು?" ಎಂದು ಕೇಳಿ, ಸುಮ್ನೆ ಕಾಯಿರಿ.

ಹಾಗಾದರೆ ನಿಮ್ಮವರು "ಗೊತ್ತಿರೋದೇ ಅಲ್ವಾ" ಅನ್ನುವುದು ಯಾಕೆ? ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ 2002ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಉತ್ತರ ಕೊಡುತ್ತದೆ. ಜಿಪ್ ಮುಂತಾದ ದಿನಬಳಕೆಯ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ನಿಮಗೆ ಎಷ್ಟು ಗೊತ್ತು ಎಂದು ಅವರು ಜನರನ್ನು ಕೇಳಿದರು. ಜನ ತಮಗೆ ತಾವೇ ಒಳ್ಳೆ ಅಂಕ ಕೊಟ್ಟುಕೊಂಡರು. ಹಂತ ಹಂತವಾಗಿ ಬರೆದು ವಿವರಿಸಿ ಎಂದ ಮೇಲೆ ಅವರೇ ಆ ಅಂಕ ಇಳಿಸಿದರು. ಪರಿಚಯ ಇರುವುದನ್ನು ಮನಸ್ಸು ತಿಳಿವಳಿಕೆ ಅಂತ ಎಣಿಸುತ್ತದೆ. ತೊಟ್ಟಿ, ನಲ್ಲಿ, ಥರ್ಮೋಸ್ಟಾಟ್ ಎಲ್ಲವೂ ಪರಿಚಿತವೇ, ಆದ್ದರಿಂದ ತಲೆಯಾಡಿಸುವುದು ಸಹಜ. ನಿಮ್ಮ ವಿದ್ಯಾರ್ಥಿಗಳು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆ ಅನ್ನಿಸುತ್ತಿದೆ.

ಆದ್ದರಿಂದ ವಿವರಿಸುವ ಮೊದಲು ಊಹಿಸಲು ಹೇಳಿ. ಕಾಗದದ ಮೇಲೆ, ಪೆನ್ಸಿಲಿನಲ್ಲಿ, ಹೆಸರು ಬರೆಯದೆ. ಸಭಾಂಗಣದ ಲೆಕ್ಕವನ್ನೇ ಕೊಡಿ. ಉತ್ತರ ನೀವು ಹೇಳಬೇಡಿ, ಅವರೇ ನಿಮಿಷ ನಿಮಿಷಕ್ಕೂ ಕೂಡಿ ಕಳೆಯಲಿ. ತಮ್ಮ ಊಹೆಯ ಗೆರೆ, ಲೆಕ್ಕದ ಗೆರೆ ಎರಡೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಇರಲಿ. ಜನ ಹಾಳೆಯನ್ನು ದಿಟ್ಟಿಸಿ ನೋಡುವುದು ಆಗಲೇ. ತಪ್ಪಿದವರನ್ನು ನಗೆಪಾಟಲು ಮಾಡಬೇಡಿ. ಎಂಐಟಿ ವಿದ್ಯಾರ್ಥಿಗಳೂ ಇಲ್ಲೇ ತಪ್ಪಿದ್ದಾರೆ ಎಂದು ಹೇಳಿಬಿಟ್ಟರೆ ಸಂಕೋಚ ಕಳೆಯುತ್ತದೆ.

ಆಮೇಲೆ ಆಡಿಸಿ. ಬಿಯರ್ ಗೇಮ್‌ಗೆ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ. ಆದರೆ ಆಟ ಮುಗಿಸಿ ಚಪ್ಪಾಳೆ ತಟ್ಟಿ ಎದ್ದುಹೋಗಬಾರದು. ಸಕ್ಕರೆ ಕಾರ್ಖಾನೆಯ ಪ್ರಯೋಗ ಹೇಳಿದ ಹಾಗೆ, ಆಡಿದ ಮಾತ್ರಕ್ಕೆ ವಿವರಿಸಲು ಬರುವುದಿಲ್ಲ, ವಿವರಿಸಿದ ಮಾತ್ರಕ್ಕೆ ಆಡಲು ಬರುವುದಿಲ್ಲ. ಆಡಿದ ಕೂಡಲೇ, ನೆನಪು ಬಿಸಿಯಾಗಿರುವಾಗಲೇ, ಯಾವ ವಾರ ಯಾಕೆ ಅಷ್ಟು ಆರ್ಡರ್ ಹಾಕಿದಿರಿ, ಆಗ ದಾರಿಯಲ್ಲಿ ಎಷ್ಟು ಸರಕಿತ್ತು ಎಂದು ಅವರ ಹಾಳೆಯಿಂದಲೇ ತೆಗೆಸಿ.

ಕಲಿಸಿದರೆ ಬರುತ್ತದೆಯೇ ಎಂಬ ಅನುಮಾನ ಬೇಡ. ಸಿಸ್ಟಮ್ ಡೈನಮಿಕ್ಸನ್ನು ಕ್ರಮವಾಗಿ ಕಲಿತ ವಿದ್ಯಾರ್ಥಿಗಳು ಇದೇ ಬಗೆಯ ಪ್ರಶ್ನೆಗಳಲ್ಲಿ ಗಮನಾರ್ಹವಾಗಿ ಸುಧಾರಿಸಿದ್ದನ್ನು ಸ್ಟರ್ಮನ್ 2010ರಲ್ಲಿ ವರದಿ ಮಾಡಿದ್ದಾರೆ. ಅದು ಅರ್ಧ ಸೆಮಿಸ್ಟರಿನ ಕೋರ್ಸು, ಒಂದು ಮಧ್ಯಾಹ್ನದ ಕೆಲಸವಲ್ಲ. ನಿಮಗೆ ಅಷ್ಟು ಸಮಯ ಸಿಗದಿದ್ದರೆ ಪಾಠಗಳನ್ನು ಕಡಿಮೆ ಮಾಡಿ, ಆದರೆ ಸ್ಟಾಕ್ ಮತ್ತು ಹರಿವಿನ ಪಾಠವನ್ನು ಮುಟ್ಟಬೇಡಿ. ಫೀಡ್‌ಬ್ಯಾಕ್ ಲೂಪಿನ ಚೆಂದದ ಚಿತ್ರಗಳನ್ನು ಬಿಡಿಸಲು ಜನ ಬೇಗ ಕಲಿಯುತ್ತಾರೆ, ನೋಡಲೂ ಚೆನ್ನಾಗಿರುತ್ತದೆ. ಆದರೆ ಯಾವುದು ಕೂಡಿಡುವುದು, ಯಾವುದು ಹರಿಯುವುದು ಅಂತ ಬಿಡಿಸಿ ಹೇಳಲು ಬಾರದಿದ್ದರೆ ಆ ಚಿತ್ರಗಳಿಂದ ಹೆಚ್ಚು ಉಪಯೋಗವಿಲ್ಲ.

ಕೊನೆಯದಾಗಿ, ಕೆಲವು ವಾರ ಬಿಟ್ಟು ಅದೇ ಪ್ರಶ್ನೆಯನ್ನು ಬೇರೆ ಬಟ್ಟೆ ತೊಡಿಸಿ ಕಳಿಸಿ. ಸಭಾಂಗಣದ ಬದಲು ಬಾಕಿ ದೂರುಗಳು, ಅಥವಾ ಸೇರುವ ಮತ್ತು ಬಿಟ್ಟುಹೋಗುವ ನೌಕರರು. ಅಂಕಿಗಳನ್ನು ಬದಲಿಸಿ. ಮುನ್ಸೂಚನೆ ಕೊಡಬೇಡಿ. ಆಗ ಸರಿಯಾಗಿ ಗೆರೆ ಎಳೆದವರನ್ನು ಧೈರ್ಯವಾಗಿ ಮುಂದಿನ ಪಾಠಕ್ಕೆ ಕರೆದುಕೊಂಡು ಹೋಗಿ. ಉಳಿದವರ ಜೊತೆ ಇನ್ನೊಂದು ಸಲ ಕೂತು, ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು, ಈಗ ಇರುವುದೆಷ್ಟು ಎಂದು ಸಾಲು ಸಾಲಾಗಿ ಬರೆಸಿ.